ಕೋಲಿನ ಮೇಲಿನ ಅರದ ಗೀರು

ಎಸ್ಕನಾಬಾ, ಮಿಶಿಗನ್
ಜೂನ್ ೩, ೧೯೬೮

ಪ್ರೀತಿಯ ಅಪ್ಪನಿಗೆ,

ನಾನು ನಿಮಗೆ ಕಟ್ಟಿಕೊಟ್ಟಿದ್ದ, ಆಮೇಲೆ ಮುರಿದುಹೋದ ಗಾಳದ ಕೋಲು ಈ ಪೊಟ್ಟಣದಲ್ಲಿದೆ. ಎರಡು ತುಂಡನ್ನು ಕೂಡಿಸುವ ಲೋಹದ ಕೊಳವೆಯನ್ನು ಕಾಯಿಸಿ ಬಿಡಿಸಿದ್ದೇನೆ. ಕನ್ನಡಕ ಹಾಕಿಕೊಂಡು ಅರದ ಗೀರು ನೋಡಿ. ಕಟ್ಟುವಾಗ ಕೊಳವೆ ಬಿಗಿಯಾದಾಗ ದೊಡ್ಡದನ್ನು ತರಿಸಲು ಸೋಮಾರಿತನವಾಗಿ, ಕೋಲಿನ ಫೈಬರ್‌ಗ್ಲಾಸನ್ನೇ ಅರದಿಂದ ಉಜ್ಜಿ ತೆಳ್ಳಗೆ ಮಾಡಿದ್ದೆ. ಮುರಿದದ್ದು ಅಲ್ಲೇ.

ಅಂದು ದೋಣಿಯಲ್ಲಿ ಅದು ನನ್ನ ತಮ್ಮ ಆರ್ವಿಡ್‌ನ ಕೈಯಲ್ಲಿ ಮುರಿದಾಗ ಎಲ್ಲರೆದುರು ಅವನಿಗೆ ನೀವು, "ಹೆಂಡ್ತೀನೂ ಹೋದ್ಲು, ಗಾಳಾನೂ ಹೋಯ್ತು. ನಿನ್ನ ಕೈಲಿ ಉಳಿಯೋದು ಏನೋ?" ಅಂದಿರಿ. ಮೀನು ಜಾರಿತು, ಹುಟ್ಟು ಹಾಕುತ್ತಿದ್ದ ನಾನೂ ನನ್ನ ತಪ್ಪು ಒಪ್ಪದೆ ಜಾರಿಕೊಂಡೆ. ಕೋಲು ಮುರಿದ ಕಾರಣ ನನಗೆ ಆಗಲೇ ಗೊತ್ತಿತ್ತು. ಮೂರು ವರ್ಷದಿಂದ ಅವನು ನಿಮ್ಮ ಮೆಟ್ಟಿಲು ತುಳಿದಿಲ್ಲ.

ಸರಿಯಾದ ಅಳತೆಯ ಕೊಳವೆ ಈಗ ತರಿಸಿದ್ದೇನೆ. ಭಾನುವಾರ ಅವನನ್ನು ಊಟಕ್ಕೆ ಕರೆಯಿರಿ. ನನಗೂ ತಟ್ಟೆ ಇಡುವುದು ಬಿಡುವುದು ನಿಮಗೆ ಬಿಟ್ಟದ್ದು.

ನಿಮ್ಮ ಹಿರಿಯ ಮಗ,
ವೈನೊ