ಕೆಮ್ಮು ನಿಂತ ಮೇಲೆ

ಮಾರ್ಚ್ 3
ಬಟಾಣಿಗೆ ಕುಡಿಸಿ, ಬಾಯಿ ಒರೆಸಿ, ಹೊಲಿಗೆ ಮೆಷಿನ್ ಮುಂದೆ ಕೂರುವಷ್ಟರಲ್ಲಿ ಅರ್ಧ ದಿನ ಹೋಯಿತು. ಬಟಾಣಿ ಎಂದರೆ ಏಳು ವರ್ಷ ತುಂಬಿದ ನನ್ನ ಮೊಮ್ಮಗಳು. ಕತ್ತು ನಿಲ್ಲುವುದಿಲ್ಲ, ಮಾತಿಲ್ಲ. ನಗು ಮಾತ್ರ ಮನೆ ತುಂಬ. ಹೆತ್ತವರಿಗೆ ಹೆಗ್ಗಣ ಮುದ್ದಂತೆ, ಇನ್ನು ಸಾಕಿದ ಅಜ್ಜಿಯನ್ನು ಕೇಳಬೇಕೇ! ತೆಳ್ಳಗಿನ ನೀರು ಅವಳ ಗಂಟಲಲ್ಲಿ ದಾರಿ ತಪ್ಪುತ್ತದಂತೆ, ಸೆಂಟರ್‌ನ ಥೆರಪಿಸ್ಟ್ ಹುಡುಗಿ ಹೇಳಿದ್ದು. ಪುಡಿ ಕಲಸಿ ಮಂದ ಮಾಡಿಯೇ ಕೊಡಬೇಕು. ಆ ಅಂಟು ನೀರು ಕಂಡರೆ ಮುಖ ತಿರುಗಿಸುತ್ತಾಳೆ. ಯಾರಿಗೆ ತಾನೇ ಸೇರೀತು?

ಮಾರ್ಚ್ 9
ಪುಡಿ ಮುಗಿದಿತ್ತು. ಜೀವ ಕೈಯಲ್ಲಿ ಹಿಡಿದು ಬರೀ ನೀರು ಕೊಟ್ಟೆ, ಚಮಚದಲ್ಲಿ. ಕೆಮ್ಮಲಿಲ್ಲ! ಮೊದಲೆಲ್ಲ ಒಂದು ಗುಟುಕಿಗೇ ಕೆಮ್ಮಿ ಕಣ್ಣು ಮೇಲೆ ಮಾಡುತ್ತಿದ್ದವಳು. ಅತ್ತುಬಿಟ್ಟೆ. ಇನ್ನು ಪುಡಿಯ ಕಾಟ ಸಾಕು.

ಮಾರ್ಚ್ 17
ಸೆಂಟರ್‌ನಲ್ಲಿ ಮೀಟಿಂಗ್. ನನ್ನಂತೆ ಇಂಥ ಮೊಮ್ಮಕ್ಕಳನ್ನು ಸಾಕುವ ಅಜ್ಜಿ ತಾತಂದಿರೇ ಎಲ್ಲ. ಎದ್ದು ನಿಂತು ಜಂಬ ಕೊಚ್ಚಿದೆ. “ನಮ್ಮವಳು ಈಗ ಗಟಗಟ ನೀರು ಕುಡೀತಾಳೆ, ಒಂದು ಕೆಮ್ಮಿಲ್ಲ!” ಚಪ್ಪಾಳೆಯೋ ಚಪ್ಪಾಳೆ. ಅವಳಿ ಮೊಮ್ಮಕ್ಕಳನ್ನು ಸಾಕುವ ತಾತ ಒಬ್ಬರು ಮಾತ್ರ ತಟ್ಟಲಿಲ್ಲ. ಬಾಗಿಲ ಹತ್ತಿರ ಹಿಡಿದು ನಿಲ್ಲಿಸಿದರು. “ಥೆರಪಿಸ್ಟ್‌ಗೆ ಒಂದ್ಸಲ ತೋರಿಸಮ್ಮಾ.”
ಹೊಟ್ಟೆಕಿಚ್ಚು. ಅಷ್ಟೇ.

ಮಾರ್ಚ್ 24
ಸಂಜೆಯಾದರೆ ಬಟಾಣಿಯ ಮೈ ಬಿಸಿ. ಎದೆಯಲ್ಲಿ ಗೊರಗೊರ. ಕೆಮ್ಮು? ಇಲ್ಲವೇ ಇಲ್ಲ… ಹಾಗಾದರೆ ಇದೇನು? ಆಸ್ಪತ್ರೆಗೆ ಹೋದರೆ ಪುಡಿ ಬಿಟ್ಟದ್ದು ಬಯಲಾಗುತ್ತದೆ. ಮಗ ಮೊದಲೇ ಇಂಥ ನೆಪಕ್ಕೆ ಕಾಯುತ್ತಿದ್ದಾನೆ. “ಅಮ್ಮಾ, ನಿನ್ ಕೈಲಿ ಇನ್ನಾಗಲ್ಲ. ಅವಳನ್ನ ಇಂಥ ಮಕ್ಕಳನ್ನ ಇಟ್ಕೊಳ್ಳೋ ಹೋಮ್‌ಗೆ ಸೇರಿಸಿಬಿಡೋಣ.” ಅವನ ಬಾಯಿಗೆ ನಾನೇ ಮಾತು ಕೊಡಲೇ? ನಾಳೆ ನೋಡೋಣ.

ಮಾರ್ಚ್ 27
ಇವತ್ತು ನಗಲಿಲ್ಲ.
ಆ ತಾತನೇ ಥೆರಪಿಸ್ಟ್ ಹುಡುಗಿಯನ್ನು ನಮ್ಮ ಮನೆಗೆ ಕರೆತಂದರು. ಅವಳು ಬಟಾಣಿಯ ಎದೆಗೆ ಕಿವಿಯಿಟ್ಟಳು. ಎದ್ದಾಗ ಮುಖದಲ್ಲಿ ರಕ್ತವಿರಲಿಲ್ಲ. “ಅಜ್ಜಿ, ಗಂಟಲು ಸರಿಹೋಗಿ ಕೆಮ್ಮು ನಿಂತಿದ್ದಲ್ಲ. ನೀರು ಎದೆಗೆ ಇಳಿದ್ರೂ ಗಂಟಲಿಗೆ ಗೊತ್ತಾಗ್ತಿಲ್ಲ. ಅದಕ್ಕೇ ಕೆಮ್ಮಿಲ್ಲ.”

ಆಂಬುಲೆನ್ಸ್ ಹೊರಟಿದೆಯಂತೆ. ಅವರಿಬ್ಬರೂ ರಸ್ತೆಯಲ್ಲಿ ಕಾಯುತ್ತಿದ್ದಾರೆ. ಇವಳು ನನ್ನ ತೊಡೆಯ ಮೇಲೆ. ಕೈ ಸುಮ್ಮನಿರದು, ಗೀಚುತ್ತಿದ್ದೇನೆ. ಹೋಮ್‌ಗೆ ಬೇಕಾದರೂ ಕಳಿಸುತ್ತೇನೆ, ಇವಳ ಜೀವ ಉಳಿದರೆ ಸಾಕು. ಬೈಯಲಿ, ಎಲ್ಲರೂ ಬೈಯಲಿ. ಕೆಮ್ಮು ಕಂದಾ. ಒಂದೇ ಒಂದು ಸಲ ಕೆಮ್ಮೇ… ಗೊರಗೊರ ನಿಂತಿತು. ತುಟಿ ಯಾಕೆ ಹೀಗೆ ನೀಲಿ—