ಕಾಡಿಗೆ ಸೀಟಿ ಒಯ್ಯಬೇಡಿ

ಫೆಬ್ರವರಿ ೩೦, ೨೩೧೯
ಧಾರವಾಡದ ಕಾಡು

ಶಾಲೆಯ ಮಕ್ಕಳನ್ನು ಕಾಡಿನ ಶಿಬಿರಕ್ಕೆ ಕರೆದೊಯ್ಯುವ ಮಾಸ್ತರರಿಗೆ, ಅಕ್ಕೋರಿಗೆ, ಹೊರವಾಸದ ಅಡುಗೆಯವ ಯಮನೂರಪ್ಪ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಉಳಿದ ತಿಂಗಳುಗಳ ನಡುವೆ ಬಹಳ ವರ್ಷ ಗಿಡ್ಡವಾಗಿ ನಿಂತಿತ್ತು, ಪಾಪ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟವನು. ಅದರಿಂದ ಶಾಲೆಗೂ ಒಳ್ಳೆಯದೇ ಆಯಿತು. ಈ ಕಾಗದ ನಿಮ್ಮ ಕಾಲಕ್ಕೆ ಹೇಗೆ ಮುಟ್ಟುತ್ತದೆ ಎಂಬುದು ಕಳಿಸುವವರಿಗೂ ಸರಿಯಾಗಿ ಗೊತ್ತಿಲ್ಲ.

ನಾವು ನೆರಳೂರಿನವರು. ಅಂದರೆ ಇಡೀ ಊರಿಗೆ ಒಂದೇ ಚಾವಣಿ, ಬಿಸಿಲು ಒಳಗೆ ಬಾರದ ಹಾಗೆ. ಆ ಚಾವಣಿಗೆ ಈಗ ವಯಸ್ಸಾಗಿದೆ, ವರ್ಷಕ್ಕೊಂದು ಕಡೆ ಕುಸಿಯುತ್ತದೆ. ಪೂರ್ತಿ ಬೀಳುವ ದಿನಕ್ಕೆ ತಯಾರಾಗಲೆಂದು ಪ್ರತಿ ಮಗುವೂ ಹೊರವಾಸಕ್ಕೆ ಬರಬೇಕು. ಕೆಲವು ದಿನ ಕಾಡಿನಲ್ಲಿದ್ದು ಚಕಮಕಿ ಕಲ್ಲಿನಿಂದ ಬೆಂಕಿ ಮಾಡುವುದು, ಒರತೆ ತೋಡುವುದು, ಟೊಂಗೆ ಕಟ್ಟಿ ಗುಡಿಸಲು ಹಾಕುವುದು ಕಲಿಯಬೇಕು. ನಿಮ್ಮಲ್ಲಿ ಇದು ರಜೆಯ ಮೋಜಂತೆ.

ನಿಮ್ಮಿಂದ ನಮಗೆ ಬಂದ ಇನ್ನೊಂದು ಪದ್ಧತಿ ಸೀಟಿ. ಮೂರು ಸಲ ಊದಿದರೆ ಎಲ್ಲರೂ ವಾಪಸ್ ಬರಬೇಕು. ದಾರಿ ತಪ್ಪಿದರೆ ಸೀಟಿ ಕೇಳಿದ ಕಡೆ ನಡೆಯಬೇಕು. ಇದನ್ನು ಮಕ್ಕಳಿಗಿಂತ ಚೆನ್ನಾಗಿ ಕಲಿತದ್ದು ಭೀಮರಾಜ, ಬಾಲದಲ್ಲಿ ಎರಡು ಉದ್ದ ಗರಿ ಇಳಿಬಿಟ್ಟುಕೊಂಡು ಕೇಳಿದ ದನಿಯನ್ನೆಲ್ಲ ಅಣಕಿಸುವ ಆ ಕರಿಹಕ್ಕಿ. ನಿಮ್ಮ ಕಾಲದ ಹಕ್ಕಿ ತನ್ನ ಮರಿಗೆ ಕಲಿಸಿತು, ಆ ಮರಿ ತನ್ನ ಮರಿಗೆ. ಈಗ ಮನುಷ್ಯರೇ ಇಲ್ಲದ ಕಡೆಯಿಂದ ಸೀಟಿ ಕೇಳುತ್ತದೆ, ಹೆಚ್ಚಾಗಿ ಹೊಳೆಯಾಚೆಯ ಕೆಸರಿನಿಂದ. ಹೋದ ವರ್ಷ ಬೇರೆ ನೆರಳೂರಿನ ಇಬ್ಬರು ಹುಡುಗರು ಆ ಸೀಟಿಯ ಕಡೆ ನಡೆದರು. ಒಂದು ಚಪ್ಪಲಿ ಸಿಕ್ಕಿತು.

ಆಮೇಲೆ ಸೀಟಿ ಬಿಟ್ಟೆವು. ಗಂಟಲು ದೊಡ್ಡದೆಂದು ಕರೆಯುವ ಕೆಲಸ ನನಗೆ ಬಂತು. “ಬರ್ರಲೇ, ಉಪ್ಪಿಟ್ಟು ಆರಾಕ್ಹತ್ತೈತಿ. ಕಡೀಕ ಬಂದಾವ್ಗ ಬರೇ ಮೆಣಸಿನಕಾಯಿ” ಎಂದು ಕೂಗಿದರೆ ಮಕ್ಕಳು ನಗುತ್ತಾ ಓಡಿಬರುತ್ತಿದ್ದವು.

ಇವತ್ತು ಬೆಳಿಗ್ಗೆ ಮಕ್ಕಳು ಪುಳ್ಳೆ ಆರಿಸುತ್ತಿದ್ದವು. ನಾನು ಒಲೆಯ ಮುಂದೆ ಕೂತು ಉಪ್ಪಿಟ್ಟಿನ ರುಚಿ ನೋಡುತ್ತಿದ್ದೆ, ಬಾಯಿ ತುಂಬಿತ್ತು. ಹೊಳೆಯಾಚೆಯಿಂದ ನನ್ನದೇ ದನಿ ಕೂಗಿತು: “ಬರ್ರಲೇ, ಉಪ್ಪಿಟ್ಟು ಆರಾಕ್ಹತ್ತೈತಿ.”

ನಮ್ಮ ಮೆಹರುನ್ನಿಸಾ ಅಕ್ಕೋರು ಗುಡಿಸಲಿನ ಹಿಂದಿನಿಂದಲೇ ಗದರಿದರು. “ಯಮನೂರಪ್ಪ, ಇನ್ನೂ ಹೊತ್ತಾಗಿಲ್ಲ, ಯಾಕ ಒದರ್ತೀರಿ?”

“ನಾ ಬಾಯಿ ತಗದಿಲ್ರೀ ಅಕ್ಕೋರ.”

ಅಷ್ಟರಲ್ಲಿ ಸಾವಂತ್ರಿ, ನಮ್ಮ ಮಕ್ಕಳಲ್ಲೇ ಗಿಡ್ಡಿ, ಹೊಳೆ ದಾಟಿ ಜೊಂಡಿನೊಳಗೆ ಇಳಿದಿದ್ದಳು. ಜೊಂಡಿನ ಮರೆಗೆ ನಾನು ಅವಳಿಗೆ ಕಾಣುವಂತಿರಲಿಲ್ಲ. “ಸಾವಂತ್ರೀ, ಇತ್ಲಾಗ ಬಾರವ್ವಾ” ಎಂದು ಕೂಗಿದೆ. ತಡೆದು ನಿಂತಳು. ಮುಂದಿನಿಂದ ನನ್ನ ದನಿ ಮತ್ತೆ ಉಪ್ಪಿಟ್ಟಿಗೆ ಕರೆಯಿತು. ಅವಳು ಆ ಕಡೆಗೇ ಹೆಜ್ಜೆ ಇಟ್ಟಳು, ಕೆಸರಿನಲ್ಲಿ ಸೊಂಟದವರೆಗೆ ಹೂತಳು. ಮತ್ತೆ ಕೂಗಿ ಉಪಯೋಗವಿರಲಿಲ್ಲ. ಬಾಯಿ ಮುಚ್ಚಿಕೊಂಡು ಓಡಿದೆ, ಜಡೆ ಹಿಡಿದು ಎಳೆದುಕೊಂಡೆ.

“ಕಾಕಾ, ನೀ ಅತ್ಲಾಗ ಇದ್ದೆಲ್ಲ?” ಎಂದು ಕೇಳಿದಳು. ಅವಳನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದೆ.

ಈಗ ಮಕ್ಕಳನ್ನೆಲ್ಲ ಒಂದೇ ಹಗ್ಗಕ್ಕೆ ಸೊಂಟ ಕಟ್ಟಿ ನಿಲ್ಲಿಸಿದ್ದೇವೆ. ಊರಿನ ದಾರಿ ಆ ಕೆಸರಿನ ಅಂಚಿನಲ್ಲೇ ಹೋಗುತ್ತದೆ.

ನಿಮ್ಮ ಹಕ್ಕಿಗಳು ಇನ್ನೂ ಪೂರ್ತಿ ಕಲಿತಿರಲಿಕ್ಕಿಲ್ಲ. ಸೀಟಿಯನ್ನು ಶಾಲೆಯ ಮೊಳೆಗೇ ನೇತುಹಾಕಿ ಹೊರಡಿ. ಮಗುವನ್ನು ಕರೆಯಬೇಕಾದರೆ ಎದ್ದು ಅದರ ಹತ್ತಿರ ನಡೆಯಿರಿ, ಹೆಗಲು ಮುಟ್ಟಿ. ಕಾಡಿನಲ್ಲಿ ಅದರ ಹೆಸರು ಮಾತ್ರ ಕೂಗಬೇಡಿ.

ಬರುತ್ತೇನೆ, ನಿಮಗೆ ಒಳ್ಳೆಯದಾಗಲಿ. ಹೊಳೆಯಾಚೆ ನಾನು ಮತ್ತೆ ಕರೆಯುತ್ತಿದ್ದೇನೆ. ಮಕ್ಕಳೆಲ್ಲ ನನ್ನ ಮುಖ ನೋಡುತ್ತಿವೆ. ಕೂಗುತ್ತಿರುವವ ನಾನಲ್ಲ ಎಂದು ತೋರಿಸಲು ಎಡಗೈಯಿಂದ ತುಟಿ ಹಿಡಿದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಯಾರೂ ನಗುತ್ತಿಲ್ಲ. ಅದು ಈಗ ಉಪ್ಪಿಟ್ಟಿನ ಸುದ್ದಿ ಬಿಟ್ಟಿದೆ. “ಸಾವಂತ್ರೀ, ಇತ್ಲಾಗ ಬಾರವ್ವಾ” ಅನ್ನುತ್ತಿದೆ.