ಒಂಬತ್ತನೇ ಪುಟದ ಚಿತ್ರ

ಅಪ್ಪನಿಗೆ ನಮಸ್ಕಾರಗಳು.

ರೀಲಿನ ಕ್ಯಾಮೆರಾದಲ್ಲಿ ತೆಗೆದ ನನ್ನ ಚಿತ್ರಗಳ ಪುಟ್ಟ ಪುಸ್ತಕವೊಂದನ್ನು ನಾನೇ ಅಚ್ಚು ಹಾಕಿಸುತ್ತಿದ್ದೇನೆ. ಆದರೆ ಒಂಬತ್ತನೇ ಪುಟದಲ್ಲಿ ನಾನೇ ನಮ್ಮ ಮನೆಯ ಮೆಟ್ಟಿಲ ಮೇಲೆ ಬಾಯಿ ಬಿಟ್ಟುಕೊಂಡು ನಿದ್ದೆ ಹೊಡೆಯುತ್ತಿದ್ದೇನೆ! ಎಲ್ಲಕ್ಕಿಂತ ಅದೇ ಚೆನ್ನಾಗಿದೆ ಎನ್ನುತ್ತಾರೆ ಅಚ್ಚಿನವರು. ತೆಗೆದವರು ಯಾರೆಂದೇ ತಿಳಿಯುತ್ತಿಲ್ಲ.

ಅಕ್ಕನನ್ನು ಕೇಳಿದರೆ, "ನಿನ್ನ ಗೊರಕೆ ಕೇಳಿದ್ದು ಸಾಲದಾ, ಫೋಟೋ ಬೇರೆ ತೆಗೀಬೇಕಿತ್ತಾ?" ಎಂದಳು. ಮನೆಯಲ್ಲಿ ಮತ್ತಿದ್ದವರು ನೀವೊಬ್ಬರೇ. ನೀವೋ, "ಆ ಡಬ್ಬಿ ಇರೋ ಕಡೆ ನಾನಿರಲ್ಲ" ಎಂದು ಅವತ್ತು ಕ್ಯಾಮೆರಾ ಸಮೇತ ನನ್ನನ್ನು ಮನೆಯಿಂದ ಆಚೆ ಹಾಕಿದವರು. ಚಿತ್ರದಲ್ಲಿ ನನ್ನ ಮೇಲೆ ನಿಮ್ಮ ಶಾಲು ಹೊದಿಸಿದೆ.

ಎಲ್ಲ ಚಿತ್ರಗಳೂ ನನ್ನವೆಂದು ಮುಖಪುಟದಲ್ಲಿ ಹಾಕಿಸಿದ್ದೆ; ಅದನ್ನು ತೆಗೆಸಿದ್ದೇನೆ. ನಾಳೆ ಸಂಜೆಯೊಳಗೆ ಅಚ್ಚಿನವರಿಗೆ ಆ ಚಿತ್ರ ತೆಗೆದವರ ಹೆಸರು ಕೊಡಬೇಕು. ನಿಮ್ಮದನ್ನು ಕೊಟ್ಟರೆ ಬೈಯುತ್ತೀರಾ?

ಇಂತಿ, ನಿಮ್ಮ ಮಗ